ಬ್ಯಾಸ್ಕೆಟ್‌ಬಾಲ್ ತಂಡದ ಬೆಲೆ ಕಟ್ಟುವುದು ಹೇಗೆ? ಕೊಡಗಿನ ಓದುಗರು ಪದೇ ಪದೇ ಕೇಳುವ ಪ್ರಶ್ನೆಗಳು

ಕೊಡಗಿನಲ್ಲಿ ಹಾಕಿಯ ಮಾತಿಗೆ ಜನ ಹುಡುಕಬೇಕಿಲ್ಲ. ಬ್ಯಾಸ್ಕೆಟ್‌ಬಾಲ್ ಮಾತು ಎದ್ದರೆ ಮಾತ್ರ ಸ್ವಲ್ಪ ಹೊತ್ತಿನಲ್ಲೇ ಆಟ ಪಕ್ಕಕ್ಕೆ ಸರಿದು ದುಡ್ಡಿನ ಪ್ರಶ್ನೆ ಮುಂದೆ ಬರುತ್ತದೆ. ಬೆಳಗಿನ ಜಾವ ಮೊಬೈಲಿನಲ್ಲಿ ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ನೋಡುವ ಕಾಲೇಜು ಹುಡುಗರೂ, ತೋಟದ ಲೆಕ್ಕ ನೋಡುವ ಹಿರಿಯರೂ ಕೇಳುವುದು ಒಂದನ್ನೇ: ಹದಿನೈದು ಆಟಗಾರರ ಒಂದು ತಂಡಕ್ಕೆ ಐವತ್ತು ಸಾವಿರ ಕೋಟಿ ರೂಪಾಯಿ ಹೇಗಾಯಿತು? ಅದಕ್ಕೆ ಒಂದೇ ಸಾಲಿನ ಉತ್ತರ ಕೊಟ್ಟರೆ ದಾರಿ ತಪ್ಪುತ್ತದೆ. ಹಾಗಾಗಿ ಪ್ರಶ್ನೆಗಳನ್ನು ಬಿಡಿಬಿಡಿಯಾಗಿ ತೆಗೆದುಕೊಂಡಿದ್ದೇವೆ.

ಲೆಕ್ಕದ ಬಗ್ಗೆ ಒಂದು ಮಾತು. ಅಮೆರಿಕದವರು ಬಿಲಿಯನ್ ಎನ್ನುವುದು ನಮ್ಮ 100 ಕೋಟಿ, ಮಿಲಿಯನ್ ಎಂದರೆ 10 ಲಕ್ಷ. ಇಲ್ಲಿ ಎಲ್ಲವನ್ನೂ ಕೋಟಿ ಡಾಲರಿನಲ್ಲಿ ಬರೆದಿದ್ದೇವೆ. ರೂಪಾಯಿಗೆ ತಿರುಗಿಸಿದ ಕಡೆ ಡಾಲರಿಗೆ 85 ರೂಪಾಯಿ ಎಂದು ಹಿಡಿದಿದ್ದೇವೆ.

ತಂಡ ಕೊಂಡವರ ಕೈಗೆ ನಿಜವಾಗಿ ಬರುವುದೇನು?

ಆಟಗಾರರು ಎಂದು ಬಹಳ ಜನ ಅಂದುಕೊಳ್ಳುತ್ತಾರೆ. ಆಟಗಾರರು ಕರಾರಿನ ಮೇಲೆ ಇರುವವರು. ಮೂರು ನಾಲ್ಕು ವರ್ಷದಲ್ಲಿ ಅರ್ಧಕ್ಕರ್ಧ ಮುಖಗಳು ಬದಲಾಗಿರುತ್ತವೆ. ಕೊಳ್ಳುವವನಿಗೆ ಸಿಗುವ ಮುಖ್ಯ ಸೊತ್ತು ಲೀಗಿನ ಸದಸ್ಯತ್ವ. ಎನ್‌ಬಿಎಯಲ್ಲಿ 30 ತಂಡಗಳಿವೆ. ಅವುಗಳಲ್ಲಿ ಒಂದಾಗಿರುವುದರಿಂದ ರಾಷ್ಟ್ರೀಯ ಟಿವಿ ಹಣದಲ್ಲಿ ಸಮಪಾಲು, ಲೀಗಿನ ಸಾಮಾನು ಮತ್ತು ವಿದೇಶಿ ವ್ಯವಹಾರದಲ್ಲಿ ಪಾಲು, ಲೀಗಿನ ತೀರ್ಮಾನಗಳಲ್ಲಿ ಒಂದು ಮತ ಸಿಗುತ್ತವೆ.

ಇದರ ಜೊತೆಗೆ ಊರಿನ ಹಕ್ಕು ಬರುತ್ತದೆ. ಲೀಗಿನ ಸಂವಿಧಾನದ ಪ್ರಕಾರ ತಂಡದ ನಗರದ ಗಡಿಯಿಂದ 75 ಮೈಲಿ, ಅಂದರೆ ಸುಮಾರು 120 ಕಿ.ಮೀ. ವರೆಗಿನ ಸೀಮೆ ಆ ತಂಡಕ್ಕೆ ಸೇರಿದ್ದು. ಅದೆಷ್ಟು ದೊಡ್ಡದು ಎಂದು ತಿಳಿಯಲು ಮಡಿಕೇರಿಯನ್ನು ನಡುವೆ ಇಟ್ಟು ನಕ್ಷೆಯಲ್ಲಿ ಅಷ್ಟು ದೂರದ ವೃತ್ತ ಎಳೆದು ನೋಡಿ. ಮೈಸೂರು, ಮಂಗಳೂರು, ಕಣ್ಣೂರು ಮೂರೂ ಅದರೊಳಗೆ ಬರುತ್ತವೆ. ಅಷ್ಟು ಜಾಗದಲ್ಲಿ ಇನ್ನೊಂದು ತಂಡ ಸುಲಭಕ್ಕೆ ತಲೆ ಎತ್ತುವಂತಿಲ್ಲ. ಇಷ್ಟರ ಮೇಲೆ ತಂಡದ ಹೆಸರು, ಲಾಂಛನ, ಅಭ್ಯಾಸ ಕೇಂದ್ರ, ಅಂಗಣದ ಒಡೆತನ ಅಥವಾ ಬಾಡಿಗೆ ಕರಾರು, ಕೆಲವು ಸಲ ಮಹಿಳಾ ತಂಡ. 2023ರಲ್ಲಿ ಮ್ಯಾಟ್ ಇಶ್ಬಿಯಾ ಫೀನಿಕ್ಸ್ ಸನ್ಸ್ ಕೊಂಡಾಗ ಡಬ್ಲ್ಯುಎನ್‌ಬಿಎಯ ಫೀನಿಕ್ಸ್ ಮರ್ಕ್ಯುರಿಯೂ ಅದೇ ವ್ಯವಹಾರದಲ್ಲಿ ಸೇರಿತ್ತು. ಒಟ್ಟು ಮೌಲ್ಯ 400 ಕೋಟಿ ಡಾಲರ್.

ನಮ್ಮ ಕೌಟುಂಬಿಕ ಹಾಕಿ ತಂಡಗಳಿಗೆ ಇಂಥ ಬೆಲೆ ಯಾಕಿಲ್ಲ? ನೋಡುವ ಜನ ಅಲ್ಲೂ ಇದ್ದಾರಲ್ಲ?

ಕೈಬದಲಾಗದ ವಸ್ತುವಿಗೆ ಮಾರುಕಟ್ಟೆ ಬೆಲೆ ಹುಟ್ಟುವುದಿಲ್ಲ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ ಕೂಟದಲ್ಲಿ ತಂಡ ಎಂದರೆ ಒಕ್ಕ, ಅಂದರೆ ಒಂದು ಮನೆತನ. ಆ ಮನೆಹೆಸರಿನವರಲ್ಲದೆ ಬೇರೆಯವರು ದುಡ್ಡು ಕೊಟ್ಟು ಅದರ ಒಡೆಯರಾಗಲು ಬರುವುದಿಲ್ಲ. ಹಾಗಾಗಬಾರದು ಕೂಡ, ಆ ಹಬ್ಬದ ಜೀವವೇ ಅದು. ಎರಡನೆಯ ಕಾರಣ, ಅಲ್ಲಿ ಸೇರುವ ತಂಡಗಳ ಸಂಖ್ಯೆಗೆ ಕಟ್ಟುಪಾಡಿಲ್ಲ, ಹೆಚ್ಚು ಒಕ್ಕಗಳು ಬಂದಷ್ಟೂ ಸಂತೋಷ. ಎನ್‌ಬಿಎ ಇದಕ್ಕೆ ತದ್ವಿರುದ್ಧ: ಬಾಗಿಲು ಮುಚ್ಚಿದ ಕೂಟ, ಸೋತರೂ ಕೆಳಗಿನ ದರ್ಜೆಗೆ ಇಳಿಸುವುದಿಲ್ಲ, ಸದಸ್ಯತ್ವವನ್ನು ಮಾರಬಹುದು. ಯುರೋಪಿನ ಬಹಳಷ್ಟು ದೇಶೀಯ ಲೀಗುಗಳಲ್ಲಿ ಕೊನೆಯ ಸ್ಥಾನದವರು ಕೆಳದರ್ಜೆಗೆ ಇಳಿಯುತ್ತಾರೆ. ಮುಂದಿನ ವರ್ಷ ಮೇಲಿರುತ್ತೇವೋ ಇಲ್ಲವೋ ಗೊತ್ತಿಲ್ಲದ ಕ್ಲಬ್ಬಿಗೆ ಯಾರೂ ಈ ಮಟ್ಟದ ಹಣ ಹಾಕುವುದಿಲ್ಲ.

ಬೆಲೆಯನ್ನು ಎಲ್ಲಕ್ಕಿಂತ ಹೆಚ್ಚು ಮೇಲೆ ಎತ್ತುವುದು ಯಾವುದು?

ರಾಷ್ಟ್ರೀಯ ಟಿವಿ ಹಕ್ಕು. ಇದರಲ್ಲಿ ನಮಗೆ ಅನುಮಾನವಿಲ್ಲ.

2014ರ ಅಕ್ಟೋಬರಿನಲ್ಲಿ ಇಎಸ್‌ಪಿಎನ್ ಮತ್ತು ಟಿಎನ್‌ಟಿ ವಾಹಿನಿಗಳ ಜೊತೆ ಆದ ಕರಾರು 9 ವರ್ಷಕ್ಕೆ 2,400 ಕೋಟಿ ಡಾಲರ್. ವರ್ಷದ ಸರಾಸರಿ ಸುಮಾರು 267 ಕೋಟಿ, 30 ತಂಡಕ್ಕೆ ಹಂಚಿದರೆ ತಲಾ 9 ಕೋಟಿಗೆ ಸ್ವಲ್ಪ ಕಡಿಮೆ. 2024ರಲ್ಲಿ ಡಿಸ್ನಿ, ಎನ್‌ಬಿಸಿ ಯುನಿವರ್ಸಲ್, ಅಮೆಜಾನ್ ಮೂರರ ಜೊತೆ ಆದ ಹೊಸ ಕರಾರು 11 ವರ್ಷಕ್ಕೆ ಸುಮಾರು 7,700 ಕೋಟಿ ಡಾಲರ್. ಅದು 2025-26ರ ಋತುವಿನಿಂದ 2035-36ರವರೆಗೆ ನಡೆಯುತ್ತದೆ. ವರ್ಷಕ್ಕೆ 700 ಕೋಟಿ, ತಂಡಕ್ಕೆ ಸರಾಸರಿ 23 ಕೋಟಿ ಡಾಲರ್. ಮೊದಲ ವರ್ಷಗಳಲ್ಲಿ ಇದಕ್ಕಿಂತ ಕಡಿಮೆ, ಕೊನೆಯಲ್ಲಿ ಹೆಚ್ಚು, ಏಕೆಂದರೆ ಕಂತು ವರ್ಷವರ್ಷ ಏರುತ್ತದೆ.

ಕೊಳ್ಳುವವನ ಕಣ್ಣಲ್ಲಿ ಈ ಹಣದ ವಿಶೇಷ ಅದರ ಖಾತ್ರಿ. ತೋಟ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಫೆಬ್ರವರಿ–ಮಾರ್ಚಿನಲ್ಲಿ ಹೂಮಳೆಗೆ ಆಕಾಶ ನೋಡುವ ರೊಬಸ್ಟಾ ತೋಟಕ್ಕೂ, ಕೆರೆ ನೀರಿದ್ದು ಸ್ಪ್ರಿಂಕ್ಲರ್ ಹಾಕಿ ಹೂ ಬಿಡಿಸುವ ತೋಟಕ್ಕೂ ಎಕರೆ ಬೆಲೆಯಲ್ಲಿ ಎಷ್ಟು ಅಂತರ ಎಂದು ನಿಮಗೆ ಗೊತ್ತು. ಟಿಕೆಟ್ ಹಣ ಹೂಮಳೆಯ ಹಾಗೆ, ತಂಡ ಸೋತರೆ ಒಣಗುತ್ತದೆ. ಟಿವಿ ಹಣ ಕೆರೆಯ ನೀರು. ತಂಡ 82 ಪಂದ್ಯಗಳಲ್ಲಿ 60 ಗೆದ್ದರೂ 15 ಗೆದ್ದರೂ ಸಮಪಾಲು ಬರುತ್ತದೆ. ಹನ್ನೊಂದು ವರ್ಷದ ಆದಾಯ ಕಾಗದದ ಮೇಲೆ ಖಚಿತವಾಗಿರುವಾಗ ಬ್ಯಾಂಕೂ ಸಾಲ ಕೊಡುತ್ತದೆ, ಹೂಡಿಕೆ ನಿಧಿಯೂ ಪಾಲಿಗೆ ಬರುತ್ತದೆ. 2025ರಲ್ಲಿ ದಾಖಲೆಯ ಬೆಲೆಗಳು ಸಾಲಾಗಿ ಬಂದದ್ದು ಈ ಕರಾರಿನ ಬೆನ್ನಿಗೇ.

ಆದಾಯ ಏರಿದರೆ ಆಟಗಾರರ ಸಂಬಳವೂ ಏರುವುದಿಲ್ಲವೇ? ಮಾಲೀಕನಿಗೆ ಉಳಿಯುವುದೇನು?

ಏರುತ್ತದೆ, ಆದರೆ ಕಟ್ಟುಪಾಡಿನೊಳಗೆ. ಆಟಗಾರರ ಸಂಘ ಮತ್ತು ಲೀಗಿನ ಒಪ್ಪಂದದ ಪ್ರಕಾರ ಬ್ಯಾಸ್ಕೆಟ್‌ಬಾಲಿಗೆ ಸಂಬಂಧಿಸಿದ ಆದಾಯದಲ್ಲಿ ಶೇ. 49ರಿಂದ 51ರಷ್ಟು ಆಟಗಾರರದು. ಅದರ ಆಧಾರದ ಮೇಲೆ ಪ್ರತಿ ವರ್ಷ ಸಂಬಳದ ಮಿತಿ ಗೊತ್ತಾಗುತ್ತದೆ. 2024-25ರಲ್ಲಿ ಅದು 14.06 ಕೋಟಿ ಡಾಲರ್ ಇತ್ತು, 2025-26ರಲ್ಲಿ 15.46 ಕೋಟಿ ಆಯಿತು. ಸರಿಯಾಗಿ ಶೇ. 10 ಏರಿಕೆ, ಏಕೆಂದರೆ 2023ರ ಒಪ್ಪಂದದಂತೆ ಒಂದೇ ವರ್ಷದಲ್ಲಿ ಅದಕ್ಕಿಂತ ಹೆಚ್ಚು ಏರುವಂತಿಲ್ಲ.

ಈ ಮಿತಿ ಮೆದು ಮಿತಿ. ತನ್ನ ಹಳೆಯ ಆಟಗಾರರನ್ನು ಉಳಿಸಿಕೊಳ್ಳಲು ತಂಡ ಅದನ್ನು ದಾಟಬಹುದು. ದಾಟುತ್ತಾ ಹೋಗಿ 18.79 ಕೋಟಿ ಮುಟ್ಟಿದರೆ ದಂಡದ ತೆರಿಗೆ ಶುರು, 20.78 ಕೋಟಿ ದಾಟಿದರೆ ಆಟಗಾರರ ವಿನಿಮಯಕ್ಕೇ ಕೈ ಕಟ್ಟಿ ಹಾಕುವ ನಿಯಮಗಳು ಬರುತ್ತವೆ. (ಇವು 2025-26ರ ಗೆರೆಗಳು.) ದಂಡ ಕಟ್ಟುವ ತಂಡಗಳ ಹಣದಲ್ಲಿ ಒಂದು ಭಾಗ ಕಟ್ಟದ ತಂಡಗಳಿಗೆ ಹಂಚಿಕೆಯಾಗುತ್ತದೆ.

ಬೆಲೆ ಕಟ್ಟುವವರಿಗೆ ಇದರ ಅರ್ಥ ಸರಳ. ಅತಿ ದೊಡ್ಡ ಖರ್ಚು ಆದಾಯದ ಜೊತೆಗೇ ಏರಿಳಿಯುತ್ತದೆ, ಅದನ್ನು ಮೀರಿ ಓಡುವುದಿಲ್ಲ. ಫುಟ್‌ಬಾಲಿನ ಹಲವು ಯುರೋಪಿಯನ್ ಕ್ಲಬ್ಬುಗಳು ಸಂಬಳದ ಪೈಪೋಟಿಯಲ್ಲೇ ಮುಳುಗಿವೆ. ಇಲ್ಲಿ ಆ ಭಯ ಬಹುಮಟ್ಟಿಗೆ ಇಲ್ಲ.

ಗೆದ್ದ ತಂಡಕ್ಕೆ ಹೆಚ್ಚು ಬೆಲೆ ಅಲ್ಲವೇ?

ಅಂದುಕೊಂಡಷ್ಟಿಲ್ಲ. 2014ರಲ್ಲಿ ಸ್ಟೀವ್ ಬಾಮರ್ 200 ಕೋಟಿ ಡಾಲರ್ ಕೊಟ್ಟು ಕೊಂಡ ಲಾಸ್ ಏಂಜಲೀಸ್ ಕ್ಲಿಪ್ಪರ್ಸ್ ಒಂದು ಸಲವೂ ಚಾಂಪಿಯನ್ ಆಗಿರಲಿಲ್ಲ. ಮೈಕಲ್ ಜೋರ್ಡನ್ 2010ರಲ್ಲಿ ಷಾರ್ಲಟ್ ತಂಡದ ಹಿಡಿತ ಪಡೆದಾಗ ಅದರ ಮೌಲ್ಯ 27.5 ಕೋಟಿ ಡಾಲರ್. 2023ರಲ್ಲಿ ಮಾರಿದಾಗ 300 ಕೋಟಿ. ಆ ಹದಿಮೂರು ವರ್ಷಗಳಲ್ಲಿ ತಂಡ ಪ್ಲೇಆಫ್‌ನ ಒಂದು ಸುತ್ತನ್ನೂ ಗೆಲ್ಲಲಿಲ್ಲ.

ಗೆಲುವಿನಿಂದ ಬರುವ ಲಾಭ ಬೇರೆ ಕಡೆ ಇದೆ. ಆಟಗಾರರ ಸಂಬಳ ನಿಯಮಿತ ಋತುವಿನ ಲೆಕ್ಕದ್ದು. ಪ್ಲೇಆಫ್ ತವರು ಪಂದ್ಯಗಳ ಟಿಕೆಟ್ ಹಣಕ್ಕೆ ಆ ಹೊರೆ ಇಲ್ಲ, ಹಾಗಾಗಿ ಅದು ಬಹುಪಾಲು ಉಳಿತಾಯ. ದಶಕಗಟ್ಟಲೆ ಗೆದ್ದು ಬಂದರೆ ಹೆಸರಿಗೆ ಬೆಲೆ ಬರುತ್ತದೆ, ಲೇಕರ್ಸ್ ಮತ್ತು ಸೆಲ್ಟಿಕ್ಸ್ ಅದಕ್ಕೆ ಸಾಕ್ಷಿ. ಆದರೆ ಈ ವರ್ಷದ ಕಪ್ ನೋಡಿ ಬೆಲೆ ಕಟ್ಟುವುದು, ಈ ವರ್ಷದ ಫಸಲು ನೋಡಿ ತೋಟಕ್ಕೆ ಮುಂಗಡ ಕೊಟ್ಟ ಹಾಗೆ. ಗೆದ್ದ ತಂಡದ ಜೊತೆ ದುಬಾರಿ ಕರಾರುಗಳೂ ಬರುತ್ತವೆ. 2024ರ ಚಾಂಪಿಯನ್ ಬೋಸ್ಟನ್ ಸೆಲ್ಟಿಕ್ಸ್ ಮಾರಾಟವಾದ 2025ರ ಬೇಸಿಗೆಯಲ್ಲೇ ದಂಡದ ತೆರಿಗೆ ತಗ್ಗಿಸಲು ಜ್ರೂ ಹಾಲಿಡೇ ಮತ್ತು ಕ್ರಿಸ್ಟಾಪ್ಸ್ ಪೊರ್ಜಿಂಗಿಸ್ ಅವರನ್ನು ಬಿಟ್ಟುಕೊಡಬೇಕಾಯಿತು.

ಅಂಗಣ ಸ್ವಂತದ್ದೋ ಬಾಡಿಗೆಯದೋ ಎಂಬುದು ಎಷ್ಟು ಮುಖ್ಯ?

ಬಹಳ. ತವರಿನಲ್ಲಿ ನಿಯಮಿತ ಋತುವಿನ 41 ಪಂದ್ಯ, ಪಂದ್ಯಕ್ಕೆ 18,000 ಆಸನ ಎಂದರೆ ವರ್ಷಕ್ಕೆ 7.38 ಲಕ್ಷ ಟಿಕೆಟ್. ಸರಾಸರಿ 100 ಡಾಲರ್ ಹಿಡಿದರೂ 7.38 ಕೋಟಿ ಡಾಲರ್. ಇಷ್ಟು ಬಾಡಿಗೆದಾರನಿಗೂ ಸಿಗುತ್ತದೆ. ವ್ಯತ್ಯಾಸವಿರುವುದು ಉಳಿದ ಕಡೆ: ಐಷಾರಾಮಿ ಬಾಕ್ಸುಗಳು, ಪಾರ್ಕಿಂಗ್, ತಿಂಡಿ ಮತ್ತು ಪಾನೀಯ, ಗೋಡೆಯ ಜಾಹೀರಾತು, ಕಟ್ಟಡದ ಹೆಸರಿನ ಹಕ್ಕು, ಉಳಿದ ಮುನ್ನೂರು ದಿನಗಳ ಸಂಗೀತ ಕಾರ್ಯಕ್ರಮ. ಬಾಡಿಗೆ ಕರಾರಿನಲ್ಲಿ ಇವೆಲ್ಲ ಯಾರಿಗೆ ಎಷ್ಟು ಎಂದು ಬರೆದಿರುತ್ತದೆ. ಕೊಳ್ಳುವವರ ವಕೀಲರು ಮೊದಲು ಕೇಳುವ ಕಾಗದಗಳಲ್ಲಿ ಅದೂ ಒಂದು.

ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡವನ್ನು 2010ರಲ್ಲಿ ಕೊಂಡದ್ದು 45 ಕೋಟಿ ಡಾಲರಿಗೆ. 2019ರಲ್ಲಿ ಅವರು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸ್ವಂತ ಹಣದಿಂದ ಚೇಸ್ ಸೆಂಟರ್ ಕಟ್ಟಿದ ಮೇಲೆ ತಂಡ ಲೀಗಿನಲ್ಲೇ ಅತಿ ಹೆಚ್ಚು ಆದಾಯದವರ ಸಾಲಿಗೆ ಸೇರಿತು. ಬಾಮರ್ ಕೂಡ ಅದೇ ದಾರಿ ಹಿಡಿದರು. ಬಾಡಿಗೆಗಿದ್ದ ಜಾಗ ಬಿಟ್ಟು, ಸುಮಾರು 200 ಕೋಟಿ ಡಾಲರ್ ಹಾಕಿ 2024ರಲ್ಲಿ ಇಂಟ್ಯುಯಿಟ್ ಡೋಮ್ ತೆರೆದರು. ಅದಕ್ಕೂ ಮೊದಲು ಪಕ್ಕದ ಫೋರಂ ಅಂಗಣದ ಮಾಲೀಕರು ಹೂಡಿದ್ದ ವ್ಯಾಜ್ಯ ಮುಗಿಸಲು 2020ರಲ್ಲಿ ಆ ಕಟ್ಟಡವನ್ನೇ 40 ಕೋಟಿಗೆ ಕೊಂಡಿದ್ದರು. ತಂಡದಷ್ಟೇ ಹಣ ಅಂಗಣಕ್ಕೂ ಹೋಯಿತು ಎಂಬುದನ್ನು ಗಮನಿಸಿ.

ಇದಕ್ಕೆ ವಿರುದ್ಧದ ಉದಾಹರಣೆ ಬೋಸ್ಟನ್. ಟಿಡಿ ಗಾರ್ಡನ್ ಅಂಗಣ ಡೆಲಾವೇರ್ ನಾರ್ತ್ ಕಂಪನಿಯದು, ಸೆಲ್ಟಿಕ್ಸ್ ಅಲ್ಲಿ ಬಾಡಿಗೆಗಿದೆ. ಆದರೂ 2025ರ ಮಾರಾಟದಲ್ಲಿ 610 ಕೋಟಿ ಡಾಲರ್ ಬಂತು. ಲೇಕರ್ಸ್ ಕೂಡ ಬಾಡಿಗೆದಾರರೇ, ಅವರ ಮೌಲ್ಯ 2025ರಲ್ಲಿ 1,000 ಕೋಟಿ ಡಾಲರ್ ಎಂದಾಯಿತು. ಅಲ್ಲಿ ಕೊರತೆ ತುಂಬಿದ್ದು ಹೆಸರು, ಊರು ಮತ್ತು 2012ರಿಂದ 20 ವರ್ಷಕ್ಕೆ ಮಾಡಿಕೊಂಡ ಸ್ಥಳೀಯ ಟಿವಿ ಕರಾರು. ಹೆಸರಿಲ್ಲದ ತಂಡಕ್ಕೆ ಕೆಟ್ಟ ಬಾಡಿಗೆ ಕರಾರೂ ಸೇರಿದರೆ ಬೆಲೆ ನಿಲ್ಲುವುದಿಲ್ಲ.

ಹಳೆಯ ಅಂಗಣ ಇರುವ ತಂಡ ಕೊಳ್ಳುವಾಗ ಇನ್ನೊಂದು ಅಪಾಯವಿದೆ. 2014ರಲ್ಲಿ ಹರ್ಬ್ ಕೋಲ್ ಮಿಲ್ವಾಕಿ ಬಕ್ಸ್ ತಂಡವನ್ನು 55 ಕೋಟಿ ಡಾಲರಿಗೆ ಮಾರಿದಾಗ, ಗಡುವಿನೊಳಗೆ ಹೊಸ ಅಂಗಣದ ಕೆಲಸ ಆಗದಿದ್ದರೆ 57.5 ಕೋಟಿ ಕೊಟ್ಟು ತಂಡವನ್ನು ವಾಪಸ್ ಪಡೆಯುವ ಹಕ್ಕನ್ನು ಲೀಗ್ ಇಟ್ಟುಕೊಂಡಿತ್ತು. ಕೋಲ್ ಆ ಕಟ್ಟಡಕ್ಕಾಗಿ 10 ಕೋಟಿ ದಾನ ಕೊಟ್ಟರು, ಸಾರ್ವಜನಿಕ ಹಣ 25 ಕೋಟಿ ಸೇರಿತು, 2018ರಲ್ಲಿ ಫೈಸರ್ವ್ ಫೋರಂ ತೆರೆಯಿತು. 2023ರಲ್ಲಿ ಅದೇ ತಂಡದ ಕಾಲು ಪಾಲು 350 ಕೋಟಿ ಮೌಲ್ಯದ ಲೆಕ್ಕದಲ್ಲಿ ಮಾರಾಟವಾಯಿತು.

ತಂಡವನ್ನು ಬೇರೆ ಊರಿಗೆ ಸಾಗಿಸುವ ಆಸೆಯಿಂದ ಹೆಚ್ಚು ಬೆಲೆ ಕೊಡುವವರೂ ಇರುತ್ತಾರೆಯೇ?

ಇರುತ್ತಾರೆ. ಸಿಯಾಟಲ್ ಸೂಪರ್‌ಸಾನಿಕ್ಸ್ 2006ರಲ್ಲಿ 35 ಕೋಟಿ ಡಾಲರಿಗೆ ಮಾರಾಟವಾಗಿ, ಅಂಗಣದ ಜಗಳ ಬಗೆಹರಿಯದೆ 2008ರಲ್ಲಿ ಒಕ್ಲಹೋಮ ಸಿಟಿಗೆ ಹೋಯಿತು. 41 ವರ್ಷ ಆಡಿದ ಊರು ಒಂದೇ ಬೇಸಿಗೆಯಲ್ಲಿ ಬರಿದಾಯಿತು. ಅಭಿಮಾನಿಗಳ ಪಾಲಿಗೆ ಈ ವ್ಯವಹಾರದಲ್ಲಿ ಅತ್ಯಂತ ನೋವಿನ ಭಾಗ ಇದು.

2013ರಲ್ಲಿ ಸ್ಯಾಕ್ರಮೆಂಟೊ ಕಿಂಗ್ಸ್ ತಂಡವನ್ನು ಸಿಯಾಟಲಿಗೆ ಒಯ್ಯಲು ಒಂದು ಗುಂಪು ಮುಂದೆ ಬಂದಾಗ ಲೀಗ್ ಒಪ್ಪಲಿಲ್ಲ. ಮುಂಬೈಯಲ್ಲಿ ಹುಟ್ಟಿದ ವಿವೇಕ್ ರಣದಿವೆ ನೇತೃತ್ವದ ಗುಂಪು ತಂಡವನ್ನು ಊರಲ್ಲೇ ಉಳಿಸಿಕೊಂಡಿತು, 2016ರಲ್ಲಿ ಹೊಸ ಅಂಗಣವೂ ಆಯಿತು. ಇಂಥ ಪೈಪೋಟಿ ಬೆಲೆಯನ್ನು ಜಿಗಿಸುತ್ತದೆ, ಏಕೆಂದರೆ ಊರಿನವರು ಹೊರಗಿನವರ ಬೆಲೆಗೆ ಸರಿಗಟ್ಟಲೇಬೇಕು.

ವರ್ಷದ ಲಾಭ ಅಷ್ಟೇನೂ ಇಲ್ಲದಿದ್ದರೂ ಯಾಕೆ ಕೊಳ್ಳುತ್ತಾರೆ?

ಮಾರುವಾಗ ಸಿಗುವ ಏರಿಕೆಗಾಗಿ. ಸೆಲ್ಟಿಕ್ಸ್ 2002ರಲ್ಲಿ 36 ಕೋಟಿ, 2025ರಲ್ಲಿ 610 ಕೋಟಿ. ಹದಿನೇಳು ಪಟ್ಟು ಎಂದರೆ ಬೆರಗಾಗುತ್ತದೆ, 23 ವರ್ಷಕ್ಕೆ ಚಕ್ರಬಡ್ಡಿಯಲ್ಲಿ ಲೆಕ್ಕ ಹಾಕಿದರೆ ವರ್ಷಕ್ಕೆ ಶೇ. 13ರ ಆಸುಪಾಸು. ಸನ್ಸ್ 2004ರಲ್ಲಿ 40.1 ಕೋಟಿ, 2023ರಲ್ಲಿ 400 ಕೋಟಿ, ಅದೂ ಶೇ. 13ಕ್ಕೆ ಹತ್ತಿರ. ಡೊನಾಲ್ಡ್ ಸ್ಟರ್ಲಿಂಗ್ 1981ರಲ್ಲಿ ಕ್ಲಿಪ್ಪರ್ಸಿಗೆ ಕೊಟ್ಟದ್ದು 1.25 ಕೋಟಿ. 33 ವರ್ಷದಲ್ಲಿ 160 ಪಟ್ಟು, ವರ್ಷಕ್ಕೆ ಶೇ. 16.6. ಪಟ್ಟು ನೋಡಿ ಮರುಳಾಗದೆ ವಾರ್ಷಿಕ ದರ ನೋಡುವುದು ಒಳ್ಳೆಯ ಅಭ್ಯಾಸ. ಒಳ್ಳೆಯ ಹೂಡಿಕೆ ಹೌದು, ಮಾಯಾಜಾಲವಲ್ಲ. ಈ ದರದಲ್ಲಿ ನಡುವೆ ಮಾಲೀಕರು ಕೈಯಿಂದ ತುಂಬಿದ ನಷ್ಟದ ಲೆಕ್ಕವೂ ಸೇರಿಲ್ಲ.

ತೆರಿಗೆಯ ಅನುಕೂಲವೂ ಇದೆ. ಅಮೆರಿಕದ ಕಾನೂನಿನಲ್ಲಿ ತಂಡದ ಸದಸ್ಯತ್ವ, ಹೆಸರು, ಕರಾರುಗಳಂಥ ಕಣ್ಣಿಗೆ ಕಾಣದ ಸೊತ್ತಿಗೆ ಕೊಟ್ಟ ಬೆಲೆಯನ್ನು 15 ವರ್ಷಗಳಲ್ಲಿ ಸಮನಾಗಿ ಖರ್ಚೆಂದು ತೋರಿಸಬಹುದು. 300 ಕೋಟಿ ಡಾಲರ್ ಅಂಥ ಸೊತ್ತು ಎಂದರೆ ವರ್ಷಕ್ಕೆ 20 ಕೋಟಿ. ಕೈಗೆ ಲಾಭ ಬಂದರೂ ತೆರಿಗೆ ಕಾಗದದಲ್ಲಿ ನಷ್ಟ ಕಾಣಬಹುದು.

ಉಳಿದದ್ದು ಕೊರತೆ. ಕೊಳ್ಳಬಲ್ಲ ಶ್ರೀಮಂತರ ಸಂಖ್ಯೆ ಬೆಳೆಯುತ್ತಿದೆ, ತಂಡಗಳು 2004ರಿಂದ 30ರಲ್ಲೇ ನಿಂತಿವೆ.

ಒಂದು ತಂಡದ ಬೆಲೆಯನ್ನು ನಾವೇ ಅಂದಾಜು ಮಾಡುವುದು ಹೇಗೆ?

ಲಾಭವನ್ನು ಹಿಡಿದು ಹೊರಡಬೇಡಿ, ಒಟ್ಟು ಆದಾಯವನ್ನು ಹಿಡಿಯಿರಿ. ಒಂದು ಕಾಲ್ಪನಿಕ ತಂಡದ ವಾರ್ಷಿಕ ಆದಾಯ 40 ಕೋಟಿ ಡಾಲರ್ ಎನ್ನೋಣ. ಈಚಿನ ಮಾರಾಟಗಳಲ್ಲಿ ಬೆಲೆ ಆದಾಯದ 10 ಪಟ್ಟು ದಾಟಿದೆ. 10 ಎಂದೇ ಹಿಡಿದರೆ ತಂಡದ ಒಟ್ಟು ಮೌಲ್ಯ 400 ಕೋಟಿ. ಸಾಲ 30 ಕೋಟಿ ಇದ್ದರೆ ಕಳೆಯಿರಿ, ಉಳಿಯುವುದು 370. ಶೇ. 60 ಪಾಲು ಹಿಡಿತದ ಸಮೇತ ಕೊಳ್ಳುವವನು ಬರೆಯುವ ಚೆಕ್ 222 ಕೋಟಿ. ಶೇ. 10 ಮಾತ್ರ, ಹಿಡಿತವಿಲ್ಲದೆ, ಎಂದರೆ 37 ಕೋಟಿಯಲ್ಲಿ ಶೇ. 20 ರಿಯಾಯಿತಿ ಕಳೆದು 29.6 ಕೋಟಿ.

ಎಷ್ಟು ಪಟ್ಟು ಎಂಬುದರಲ್ಲೇ ಎಲ್ಲ ಜಾಣ್ಮೆ ಅಡಗಿದೆ. ದೊಡ್ಡ ನಗರ, ಸ್ವಂತ ಅಂಗಣ, ಉಳಿದಿರುವ ಟಿವಿ ವರ್ಷಗಳು, ಒಂದಕ್ಕಿಂತ ಹೆಚ್ಚು ಗಂಭೀರ ಖರೀದಿದಾರರು ಇದ್ದರೆ ಏರಿಸಿ. ಹಳೆಯ ಅಂಗಣ, ಮುಗಿಯುತ್ತಾ ಬಂದ ಬಾಡಿಗೆ ಕರಾರು, ಸ್ಥಳೀಯ ಟಿವಿಯ ತೊಂದರೆ ಇದ್ದರೆ ಇಳಿಸಿ.

ಸಾಮಾನ್ಯವಾಗಿ ಆಗುವ ತಪ್ಪು ಎರಡು ಸಲ ಎಣಿಸುವುದು. ಅಂಗಣದ ಬಾಕ್ಸು, ಪಾರ್ಕಿಂಗಿನ ಆದಾಯವನ್ನು 40 ಕೋಟಿಯಲ್ಲಿ ಸೇರಿಸಿಕೊಂಡು, ಆಮೇಲೆ ಕಟ್ಟಡದ ಬೆಲೆಯನ್ನು ಬೇರೆಯಾಗಿ ಕೂಡಿಸುತ್ತಾರೆ. ತೋಟದ ಎಕರೆ ಬೆಲೆಯಲ್ಲಿ ಕಾಳುಮೆಣಸಿನ ಬಳ್ಳಿ ಸೇರಿದ್ದರೆ ಮತ್ತೆ ಬಳ್ಳಿಗೆ ಬೇರೆ ಬೆಲೆ ಕೇಳುವಂತಿಲ್ಲ. ಇನ್ನೊಂದು ತಪ್ಪು, ಹಳೆಯ ವ್ಯವಹಾರದಲ್ಲಿ ಏನೇನು ಸೇರಿತ್ತು ಎಂದು ನೋಡದಿರುವುದು. 1979ರಲ್ಲಿ ಜೆರ್ರಿ ಬಸ್ ಕೊಟ್ಟ 6.75 ಕೋಟಿ ಡಾಲರಿಗೆ ಲೇಕರ್ಸ್ ಮಾತ್ರ ಬಂದದ್ದಲ್ಲ. ಐಸ್ ಹಾಕಿಯ ಕಿಂಗ್ಸ್ ತಂಡ, ಫೋರಂ ಅಂಗಣ, ಒಂದು ದೊಡ್ಡ ರ‍್ಯಾಂಚ್ ಎಲ್ಲ ಸೇರಿತ್ತು.

ಸುದ್ದಿಯಲ್ಲಿ ಬರುವ ಮೌಲ್ಯಕ್ಕೂ ಕೈಬದಲಾದ ಹಣಕ್ಕೂ ಯಾಕೆ ತಾಳೆಯಾಗುವುದಿಲ್ಲ?

ಬಹುಪಾಲು ಸಲ ಇಡೀ ತಂಡ ಮಾರಾಟವಾಗುವುದಿಲ್ಲ. 2013ರಲ್ಲಿ ಸ್ಯಾಕ್ರಮೆಂಟೊ ಕಿಂಗ್ಸ್ ಮೌಲ್ಯ 53.4 ಕೋಟಿ ಡಾಲರ್ ಎಂದು ಸುದ್ದಿಯಾಯಿತು. ಮಾರಿದ್ದು ಶೇ. 65 ಪಾಲು, ಹಾಗಾಗಿ ಅದರ ಬೆಲೆ ಸುಮಾರು 34.7 ಕೋಟಿ. ಸಾಲವನ್ನು ಹೊಸಬರು ಹೊತ್ತುಕೊಂಡರೆ ಚೆಕ್ ಇನ್ನೂ ಸಣ್ಣದಾಗುತ್ತದೆ.

ಚಿಕ್ಕ ಪಾಲಿನ ಬೆಲೆ ಕಡಿಮೆ ಯಾಕೆ ಎಂಬುದು ಕೊಡಗಿನವರಿಗೆ ಬೇಗ ಅರ್ಥವಾಗುತ್ತದೆ. ಒಕ್ಕದ ಜಂಟಿ ಆಸ್ತಿಯಲ್ಲಿ ಒಬ್ಬರ ಪಾಲು ಮಾತ್ರ ಎಂದಾಗ ಹೊರಗಿನ ಖರೀದಿದಾರ ಎಷ್ಟು ಕೊಟ್ಟಾನು? ಬೇಲಿ ಹಾಕಲು ಬಾರದು, ಉಳಿದವರ ಒಪ್ಪಿಗೆ ಇಲ್ಲದೆ ಮಾರಲು ಬಾರದು. ತಂಡದ ಚಿಕ್ಕ ಪಾಲುದಾರನೂ ಅಷ್ಟೇ: ತರಬೇತುದಾರನನ್ನು ಆರಿಸುವಂತಿಲ್ಲ, ಲಾಭ ಹಂಚಿ ಎನ್ನುವಂತಿಲ್ಲ. ನಷ್ಟ ತುಂಬಲು ಕರೆ ಬಂದರೆ ಹಣ ಹಾಕಬೇಕು, ಹಾಕದಿದ್ದರೆ ಪಾಲು ಕರಗುತ್ತದೆ. ನ್ಯೂಯಾರ್ಕ್ ನಿಕ್ಸ್ ತಂಡದ ಒಡೆತನದ ಕಂಪನಿ ಷೇರುಪೇಟೆಯಲ್ಲಿದೆ. ಅದರ ಬಳಿ ಐಸ್ ಹಾಕಿಯ ರೇಂಜರ್ಸ್ ತಂಡವೂ ಇದೆ. ಆದರೂ ಷೇರುಗಳ ಒಟ್ಟು ಬೆಲೆ ಎರಡೂ ತಂಡಗಳ ಅಂದಾಜು ಮೌಲ್ಯಕ್ಕಿಂತ ಬಹಳ ಕೆಳಗೇ ಉಳಿದುಕೊಂಡು ಬಂದಿದೆ, ಏಕೆಂದರೆ ಹಿಡಿತ ಡೋಲನ್ ಕುಟುಂಬದ ಕೈಯಲ್ಲಿದೆ.

ಮಾರಿದ ಮೇಲೆ ಮಾತು ನಡೆಯಬೇಕೆಂದಿದ್ದರೆ ಅದನ್ನು ಕರಾರಿನಲ್ಲಿ ಬರೆಸಿಕೊಳ್ಳಬೇಕು. 2000ದಲ್ಲಿ 28.5 ಕೋಟಿಗೆ ಡಲಾಸ್ ಮಾವ್ರಿಕ್ಸ್ ಕೊಂಡಿದ್ದ ಮಾರ್ಕ್ ಕ್ಯೂಬನ್ 2023ರ ಡಿಸೆಂಬರಿನಲ್ಲಿ ಸುಮಾರು 350 ಕೋಟಿ ಮೌಲ್ಯಕ್ಕೆ ದೊಡ್ಡ ಪಾಲು ಮಾರಿ ಚಿಕ್ಕ ಪಾಲು ಉಳಿಸಿಕೊಂಡರು. 2025ರ ಫೆಬ್ರವರಿಯಲ್ಲಿ ಲೂಕಾ ಡಾಂಚಿಚ್‌ರನ್ನು ಲೇಕರ್ಸಿಗೆ ಬಿಟ್ಟುಕೊಟ್ಟ ತೀರ್ಮಾನ ಅವರ ಕೈಯಲ್ಲಿರಲಿಲ್ಲ.

ಮಾರಾಟ ಯಾವ ಕ್ರಮದಲ್ಲಿ ನಡೆಯುತ್ತದೆ? ಎಷ್ಟು ಸಮಯ ಬೇಕು?

ಸೆಲ್ಟಿಕ್ಸ್ ಉದಾಹರಣೆಗೆ ಒಂದು ವರ್ಷಕ್ಕಿಂತ ಸ್ವಲ್ಪ ಹೆಚ್ಚು ಬೇಕಾಯಿತು. 2024ರ ಜುಲೈಯಲ್ಲಿ ಮಾರುತ್ತೇವೆ ಎಂದರು, 2025ರ ಮಾರ್ಚಿನಲ್ಲಿ ಬಿಲ್ ಚಿಸಮ್ ಗುಂಪಿನೊಂದಿಗೆ ಒಪ್ಪಂದವಾಯಿತು, ಆಗಸ್ಟಿನಲ್ಲಿ ಲೀಗ್ ಒಪ್ಪಿತು. ಮಾರುವವರು ಮೊದಲು ಹೂಡಿಕೆ ಬ್ಯಾಂಕನ್ನು ನೇಮಿಸುತ್ತಾರೆ. ಗುಟ್ಟು ಕಾಪಾಡುವ ಕರಾರಿಗೆ ಸಹಿ ಹಾಕಿದವರಿಗೆ ಮಾತ್ರ ಲೆಕ್ಕಪತ್ರ ತೆರೆಯುತ್ತದೆ. ಮೊದಲ ಸುತ್ತಿನ ಬೆಲೆಗಳಿಗೆ ಯಾರೂ ಬದ್ಧರಲ್ಲ. ಎರಡನೆಯ ಸುತ್ತಿನಲ್ಲಿ ಹಣ ಎಲ್ಲಿಂದ ಬರುತ್ತದೆ ಎಂದು ತೋರಿಸಬೇಕು, ಬಹಳ ಜನ ಇಲ್ಲೇ ಉದುರಿಹೋಗುತ್ತಾರೆ. ಕೊನೆಗೆ ಲೀಗ್ ಖರೀದಿದಾರನ ಪೂರ್ವಾಪರ ತಪಾಸಣೆ ಮಾಡಿ 30 ಮಾಲೀಕರ ಮುಂದೆ ಇಡುತ್ತದೆ. ಮುಕ್ಕಾಲು ಪಾಲು ಮತ, ಅಂದರೆ 23 ಬೇಕು.

ಹಿಡಿತದ ಮಾಲೀಕನಿಗೆ ಕನಿಷ್ಠ ಶೇ. 15 ಪಾಲು ಇರಬೇಕು. ಹೂಡಿಕೆ ನಿಧಿಗಳಿಗೂ ಅವಕಾಶವಿದೆ: ಒಂದು ನಿಧಿ ಒಂದು ತಂಡದಲ್ಲಿ ಶೇ. 20ರವರೆಗೆ, ಎಲ್ಲ ನಿಧಿಗಳೂ ಸೇರಿ ಶೇ. 30ರವರೆಗೆ. ಆಡಳಿತದಲ್ಲಿ ಅವಕ್ಕೆ ಮಾತಿಲ್ಲ. ಈ ಬಾಗಿಲು ತೆರೆದ ಮೇಲೆ ಒಬ್ಬನೇ ಕುಬೇರ ಬೇಕೆಂಬುದು ತಪ್ಪಿ, ಬೆಲೆಗೆ ಇನ್ನಷ್ಟು ಬಲ ಬಂತು.

ಕಂತಿನ ಕರಾರುಗಳಲ್ಲಿ ಎಚ್ಚರ ಬೇಕು. ಮಿನ್ನೆಸೋಟ ಟಿಂಬರ್‌ವುಲ್ವ್ಸ್ ಮಾಲೀಕ ಗ್ಲೆನ್ ಟೇಲರ್ 2021ರಲ್ಲಿ ಮಾರ್ಕ್ ಲೋರಿ ಮತ್ತು ಅಲೆಕ್ಸ್ ರಾಡ್ರಿಗಸ್ ಅವರಿಗೆ 150 ಕೋಟಿ ಡಾಲರಿಗೆ, ಕಂತುಗಳಲ್ಲಿ ಪಾಲು ಬಿಟ್ಟುಕೊಡುವುದಾಗಿ ಒಪ್ಪಿದರು. ಅಷ್ಟರಲ್ಲಿ ಮಾರುಕಟ್ಟೆ ಎರಡು ಪಟ್ಟು ದಾಟಿತು. 2024ರ ಮಾರ್ಚಿನಲ್ಲಿ ಗಡುವು ಮೀರಿತೆಂದು ಟೇಲರ್ ಹಿಂದೆ ಸರಿದರು. ಪಂಚಾಯ್ತಿದಾರರು 2025ರ ಫೆಬ್ರವರಿಯಲ್ಲಿ ಕೊಂಡವರ ಪರ ತೀರ್ಪು ಕೊಟ್ಟರು, ಹಳೆಯ ಬೆಲೆಗೇ ತಂಡ ಹೋಯಿತು. ಬೆಲೆ ಏರುವ ಕಾಲದಲ್ಲಿ ಉದ್ದದ ಕಂತು ಮಾರುವವನಿಗೆ ನಷ್ಟ. ಸೆಲ್ಟಿಕ್ಸ್ ಮಾರಾಟದಲ್ಲಿ ಇದಕ್ಕೆ ಪರಿಹಾರ ಕಾಣಬಹುದು: ನಂತರ ಕೊಳ್ಳುವ ಪಾಲಿಗೆ ಮೊದಲಿನ 610 ಕೋಟಿಗಿಂತ ಹೆಚ್ಚಿನ ಮೌಲ್ಯವನ್ನು ಮೊದಲೇ ಗೊತ್ತುಮಾಡಿದ್ದರು.

ಒತ್ತಾಯಕ್ಕೆ ಮಾರಬೇಕಾದರೆ ಬೆಲೆ ಬೀಳುತ್ತದೆಯೇ?

ಇಲ್ಲಿಯವರೆಗಿನ ಅನುಭವದಲ್ಲಿ ಇಲ್ಲ. 2014ರ ಏಪ್ರಿಲಿನಲ್ಲಿ ಜನಾಂಗೀಯ ಮಾತುಗಳಿಗಾಗಿ ಸ್ಟರ್ಲಿಂಗ್‌ಗೆ ಆಜೀವ ನಿಷೇಧ ಬಿತ್ತು, ಆದರೂ ಅದುವರೆಗಿನ ದಾಖಲೆ ಬೆಲೆ ಸಿಕ್ಕಿದ್ದು ಅವರ ತಂಡಕ್ಕೇ. 2022ರಲ್ಲಿ ಸನ್ಸ್ ಮಾಲೀಕ ರಾಬರ್ಟ್ ಸಾರ್ವರ್ ಅಮಾನತಾದ ಮೇಲೂ ಹಾಗೇ ಆಯಿತು. ಕಾದು ನಿಂತ ಖರೀದಿದಾರರು ಇಬ್ಬರಿದ್ದರೆ ಮಾರುವವನ ಅವಸರ ಲೆಕ್ಕಕ್ಕೆ ಬರುವುದಿಲ್ಲ.

ಹೊಸ ತಂಡಗಳು ಬಂದರೆ ಹಳೆಯವರಿಗೆ ಲಾಭವೋ ನಷ್ಟವೋ?

ಎರಡೂ. ಪ್ರವೇಶ ಶುಲ್ಕ ಹಳೆಯ ತಂಡಗಳಿಗೆ ಹಂಚಿಕೆಯಾಗುತ್ತದೆ, ಆದರೆ ಟಿವಿ ಹಣದ ಪಾಲು ಶಾಶ್ವತವಾಗಿ ಸಣ್ಣದಾಗುತ್ತದೆ. 30ರ ಬದಲು 32 ಆದರೆ 23.3 ಕೋಟಿ ಡಾಲರ್ 21.9 ಆಗುತ್ತದೆ, ಬೇರೇನೂ ಬದಲಾಗದಿದ್ದರೆ. ಶುಲ್ಕ ಈ ಕೊರತೆಯನ್ನು ಮೀರುವಷ್ಟಿರಬೇಕು. ಎನ್‌ಬಿಎ ಕೊನೆಯ ಸಲ ಹೊಸಬರನ್ನು ಸೇರಿಸಿಕೊಂಡಾಗ, 2004ರಲ್ಲಿ ಆಟಕ್ಕಿಳಿದ ಷಾರ್ಲಟ್ ಬಾಬ್‌ಕ್ಯಾಟ್ಸ್ ಕಟ್ಟಿದ್ದು 30 ಕೋಟಿ. ಮಹಿಳಾ ಲೀಗಿನ ಏರಿಕೆ ಇನ್ನೂ ಕಡಿದು: 2023ರಲ್ಲಿ ಗೋಲ್ಡನ್ ಸ್ಟೇಟ್ ವಾಲ್ಕಿರೀಸ್‌ಗೆ 5 ಕೋಟಿ, 2024ರಲ್ಲಿ ಪೋರ್ಟ್‌ಲ್ಯಾಂಡಿಗೆ 7.5 ಕೋಟಿ, 2025ರಲ್ಲಿ ಕ್ಲೀವ್‌ಲ್ಯಾಂಡ್, ಡೆಟ್ರಾಯಿಟ್, ಫಿಲಡೆಲ್ಫಿಯಾಗಳಿಗೆ ತಲಾ 25 ಕೋಟಿ ಡಾಲರ್.

ಬೆಲೆ ಇಳಿಯುವ ಸಾಧ್ಯತೆಯೇ ಇಲ್ಲವೇ?

ಇದೆ, ಸ್ಥಳೀಯ ಟಿವಿಯಲ್ಲಿ ಅದರ ಲಕ್ಷಣ ಆಗಲೇ ಕಂಡಿದೆ. ಜನ ಕೇಬಲ್ ಕಿತ್ತುಹಾಕಿದಂತೆ ಪ್ರಾದೇಶಿಕ ಕ್ರೀಡಾ ವಾಹಿನಿಗಳು ಕುಸಿದವು. ಹಲವು ತಂಡಗಳ ಪ್ರಸಾರ ಹಿಡಿದಿದ್ದ ಡೈಮಂಡ್ ಸ್ಪೋರ್ಟ್ಸ್ 2023ರ ಮಾರ್ಚಿನಲ್ಲಿ ದಿವಾಳಿ ಅರ್ಜಿ ಹಾಕಿತು. ಸನ್ಸ್ ಆ ವರ್ಷವೇ ಪಂದ್ಯಗಳನ್ನು ಉಚಿತ ವಾಹಿನಿಗೆ ಒಯ್ದಿತು, ನೋಡುಗರು ಹೆಚ್ಚುತ್ತಾರೆ ಎಂಬ ನಂಬಿಕೆಯಲ್ಲಿ. ಸಣ್ಣ ಊರಿನ ತಂಡಗಳಿಗೆ ಈ ಪೆಟ್ಟು ದೊಡ್ಡದು. ಇನ್ನು 2036ರಲ್ಲಿ ಈಗಿನ ರಾಷ್ಟ್ರೀಯ ಕರಾರು ಮುಗಿದಾಗ ಮುಂದಿನದು ಇಷ್ಟೇ ಜೋರಾಗಿರುತ್ತದೆಯೇ ಎಂಬುದು ಇಂದು ಆದಾಯದ 15 ಪಟ್ಟು ಕೊಡುವವನ ನಿಜವಾದ ಪಣ.

ಐಪಿಎಲ್ ತಂಡಗಳ ಬೆಲೆಗೂ ಇದೇ ಲೆಕ್ಕವೇ?

ಹೌದು, ಅಸ್ತಿವಾರ ಒಂದೇ. 2023–27ರ ಐಪಿಎಲ್ ಪ್ರಸಾರ ಹಕ್ಕು 48,390 ಕೋಟಿ ರೂಪಾಯಿ, ತಂಡಗಳು ಹತ್ತೇ, ಆಟಗಾರರ ಖರ್ಚಿಗೆ ಮಿತಿ ಇದೆ (2025ರ ಹರಾಜಿಗೆ 120 ಕೋಟಿ ರೂಪಾಯಿ). 2008ರಲ್ಲಿ ಬೆಂಗಳೂರು ತಂಡ 11.16 ಕೋಟಿ ಡಾಲರಿಗೆ ಹೋಗಿತ್ತು. 2021ರಲ್ಲಿ ಲಖನೌ ತಂಡಕ್ಕೆ 7,090 ಕೋಟಿ ರೂಪಾಯಿ ಬಂತು, ಒಂದು ಚೆಂಡೂ ಎಸೆಯುವ ಮೊದಲೇ. ವ್ಯತ್ಯಾಸ ಅಂಗಣದಲ್ಲಿದೆ. ಇಲ್ಲಿ ಕ್ರೀಡಾಂಗಣ ಕ್ರಿಕೆಟ್ ಸಂಸ್ಥೆಗಳದ್ದು, ತವರಿನ ಪಂದ್ಯಗಳೂ ಏಳೆಂಟು ಮಾತ್ರ. ಹೋಲಿಕೆಗೆ ಬೇಕಾದರೆ: ಸೆಲ್ಟಿಕ್ಸ್ ಒಂದರ 610 ಕೋಟಿ ಡಾಲರ್ ಎಂದರೆ 51,850 ಕೋಟಿ ರೂಪಾಯಿ, ಐಪಿಎಲ್‌ನ ಐದು ವರ್ಷದ ಪ್ರಸಾರ ಹಕ್ಕಿಗಿಂತ ಹೆಚ್ಚು.

ಭಾರತದಲ್ಲಿ ಹೊಸ ಬ್ಯಾಸ್ಕೆಟ್‌ಬಾಲ್ ಲೀಗ್ ಬಂದು, ಮಡಿಕೇರಿ ಹೆಸರಲ್ಲಿ ತಂಡಕ್ಕೆ ಪಾಲು ಹಾಕಿ ಎಂದು ಯಾರಾದರೂ ಕೇಳಿದರೆ ಏನು ನೋಡಬೇಕು?

ಆಟದ ಮೇಲಿನ ಪ್ರೀತಿಗೆ ಹಾಕುವ ಹಣ ಬೇರೆ, ಬೆಲೆ ಏರುತ್ತದೆಂದು ಹಾಕುವ ಹಣ ಬೇರೆ. ಎರಡನೆಯದಾದರೆ ಕಾಗದ ಕೇಳಿ. ಪ್ರಸಾರದವರು ಲೀಗಿಗೆ ಹಣ ಕೊಡುತ್ತಾರೋ, ಲೀಗೇ ಪ್ರಸಾರದವರಿಗೆ ಹಣ ಕೊಟ್ಟು ಸಮಯ ಕೊಳ್ಳುತ್ತಿದೆಯೋ ಎಂಬುದು ಮೊದಲ ಪ್ರಶ್ನೆ. ಲೀಗೇ ಕೊಡುತ್ತಿದ್ದರೆ ಮೇಲೆ ಹೇಳಿದ ಯಾವ ಲೆಕ್ಕವೂ ಅನ್ವಯಿಸುವುದಿಲ್ಲ. ಭಾರತದಲ್ಲೇ 2015ರಲ್ಲಿ ಶುರುವಾದ ಯುಬಿಎ ಬ್ಯಾಸ್ಕೆಟ್‌ಬಾಲ್ ಲೀಗ್ ಕೆಲವೇ ಆವೃತ್ತಿಗಳಲ್ಲಿ ನಿಂತಿತು ಎಂಬುದನ್ನು ನೆನಪಿಡಿ. 2019ರ ಅಕ್ಟೋಬರಿನಲ್ಲಿ ಎನ್‌ಬಿಎಯ ಸ್ಯಾಕ್ರಮೆಂಟೊ ಕಿಂಗ್ಸ್ ಮತ್ತು ಇಂಡಿಯಾನಾ ಪೇಸರ್ಸ್ ತಂಡಗಳು ಮುಂಬೈಗೆ ಬಂದು ಆಡಿದಾಗ ಜನ ಬಂದರು, ಆದರೆ ಎರಡು ಪಂದ್ಯಕ್ಕೆ ಬರುವ ಜನರೂ ಋತುವಿಡೀ ಟಿಕೆಟ್ ಕೊಳ್ಳುವ ಜನರೂ ಒಂದೇ ಎಂದು ಹೇಳಲಾಗದು.

ಆಮೇಲೆ ಕೇಳಬೇಕಾದದ್ದು: ತಂಡದ ಹಕ್ಕು ಎಷ್ಟು ವರ್ಷಕ್ಕೆ, ಶಾಶ್ವತವೋ ಹತ್ತು ವರ್ಷದ ಗುತ್ತಿಗೆಯೋ? ಬೇರೆಯವರಿಗೆ ಮಾರಲು ಯಾರ ಒಪ್ಪಿಗೆ ಬೇಕು? ಸೀಮೆಯ ಹಕ್ಕು ಬರವಣಿಗೆಯಲ್ಲಿದೆಯೇ, ಅಥವಾ ನಾಳೆ ಮೈಸೂರಿನಲ್ಲಿ ಇನ್ನೊಂದು ತಂಡ ಕೊಡಬಹುದೇ? ಸಂಬಳಕ್ಕೆ ಮಿತಿ ಇದೆಯೇ? ನಷ್ಟವಾದರೆ ಪಾಲುದಾರರು ಎಷ್ಟರವರೆಗೆ ಹಣ ತುಂಬಬೇಕು? ಮಳೆಗಾಲದಲ್ಲಿ ಆಡಲು ಮುಚ್ಚಿದ ಅಂಗಣ ಎಲ್ಲಿದೆ, ಬಾಡಿಗೆ ಯಾರು ಕೊಡುತ್ತಾರೆ? ಮರದ ಹಾಸಿನ ಅಂಕಣ 28 ಮೀಟರ್ ಉದ್ದ, 15 ಮೀಟರ್ ಅಗಲ ಇರಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಮ್ಮ ತೇವದಲ್ಲಿ ಆ ಮರ ಉಬ್ಬಿ ಏಳದಂತೆ ಕಾಯಲು ತೇವ ತೆಗೆಯುವ ಯಂತ್ರಗಳು ಹಗಲಿರುಳು ಓಡಬೇಕು. ಆ ವಿದ್ಯುತ್ ಬಿಲ್ಲು ಯೋಜನೆಯ ಲೆಕ್ಕದಲ್ಲಿ ಇದೆಯೇ ಎಂದು ಮರೆಯದೆ ನೋಡಿ.